ಕಾರ್ ಕತೆ, ಭಾಗ 4: ಕಿತ್ತರೆ ಪೇಂಟೂ ಬರುತ್ತೆ!
ಅಪ್ಪ ತಂದ ಸೆಕೆಂಡ್ ಹ್ಯಾಂಡ್ ಕಾರಿನ ಡಿಕ್ಕಿ ಮೇಲೆ ಹಳೇ ಓನರ್ ಅಂಟಿಸಿದ್ದ ಎರಡು ಲಾಂಛನ ಇದ್ವು. ಒಂದನ್ನ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಜೊತೆಗೆ ಪೇಂಟೂ ಬಂತು. ಅಪ್ಪ ಬೈಲಿಲ್ಲ, ಅದೇ ಜಾಸ್ತಿ ಬೇಜಾರು.

ಈ ತಲೆನೋವಿಗೆ ನೂರು ವರ್ಷದ ಇತಿಹಾಸ ಇದೆ, ಗೊತ್ತಾ? 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರಿನ ಹುಚ್ಚು. ಒಂದು ಬಣ್ಣ ಹೊಡೆಯುವಾಗ ಇನ್ನೊಂದನ್ನು ಕಾಗದ, ಟೇಪು ಅಂಟಿಸಿ ಮುಚ್ಚುತ್ತಿದ್ದರು. ಕಿತ್ತರೆ ಹೊಸ ಪೇಂಟೇ ಸುಲಿದು ಬರ್ತಿತ್ತು. ಸ್ಯಾಂಡ್‌ಪೇಪರ್ ಪರೀಕ್ಷೆಗೆಂದು ಗ್ಯಾರೇಜಿಗೆ ಹೋಗಿದ್ದ ತ್ರೀಎಂ ಕಂಪನಿಯ ರಿಚರ್ಡ್ ಡ್ರ್ಯೂ ಇದನ್ನು ನೋಡಿದ. ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟವನು! 1925ರಲ್ಲಿ ಪೇಂಟ್ ಕೀಳದ ಮಾಸ್ಕಿಂಗ್ ಟೇಪ್ ತಂದ.

ಲಾಂಛನದ ಕತೆ ಉಲ್ಟಾ. ಮೊದಲು ಬಾಡಿಗೆ ತೂತು ಕೊರೆದು ಪಿನ್ನಿನಲ್ಲಿ ಕೂರಿಸ್ತಿದ್ರು. ಆಮೇಲೆ ಬಂದದ್ದು ಬಿಡಲೇಬಾರದು ಅಂತ ಮಾಡಿದ ಫೋಮ್ ಟೇಪ್.

ಅದಕ್ಕೇ ಎಳೀಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ. ಅಂಟು ಮೆತ್ತಗಾದ ಮೇಲೆ ಗಾಳದ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೀರಿ. ಬ್ಲೇಡ್ ಬೇಡವೇ ಬೇಡ.

ಎರಡನೇ ಲಾಂಛನ ಮೊನ್ನೆ ಅಪ್ಪನ ಎದುರೇ ಹೀಗೆ ತೆಗೆದೆ. ಪೇಂಟ್ ಅಲ್ಲೇ ಇದೆ.