ಅಂಡಪರೀಕ್ಷೆಯ ಇತಿಹಾಸ ಮತ್ತು ಕೋಲಾರದ ಗಣಿಯ ದೃಷ್ಟಾಂತ

ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ದೃಷ್ಟಾಂತವು ಬೇಸಾಯದ್ದು: ಹದ, ನೆಲ, ನೀರು, ಬಿತ್ತಗಳಲ್ಲಿ ಒಂದು ಕೆಟ್ಟರೂ ಮೊಳಕೆಯಿಲ್ಲ. ಸ್ತ್ರೀಬೀಜವನ್ನು ಕಣ್ಣಾರೆ ಕಾಣುವ ಉಪಾಯವು ಅಂದಿಲ್ಲದ ಕಾರಣ ವೈದ್ಯರು ಆರ್ತವವನ್ನೇ ಪರೀಕ್ಷಿಸಿದರು. ಮೊಲದ ರಕ್ತದಂತೆ ಅಥವಾ ಅರಗಿನ ರಸದಂತೆ ಇದ್ದು, ತೊಳೆದ ಬಟ್ಟೆಯಲ್ಲಿ ಕಲೆಯುಳಿಸದ ಆರ್ತವವು ಶುದ್ಧವೆಂಬುದು ಆ ಗ್ರಂಥದ ನಿರ್ಣಯ. ಕಂಡುದರಿಂದ ಕಾಣದುದನ್ನು ಊಹಿಸುವ ಈ ಕ್ರಮವು ಇಂದಿಗೂ ನಿಂತಿಲ್ಲ.

೧೮೨೭ರಲ್ಲಿ ಫಾನ್ ಬೇರ್ ಎಂಬ ವಿದ್ವಾಂಸನು ನಾಯಿಯ ಅಂಡಾಶಯದಲ್ಲಿ ಅಂಡವನ್ನು ಕಂಡು ಪ್ರಕಟಿಸಿದನು. ೧೯೪೭ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ತನು ಮೊಲದ ಭ್ರೂಣಗಳನ್ನು ಪರೀಕ್ಷಿಸಿ, ಗಂಡುಭ್ರೂಣದ ವೃಷಣದಿಂದ ಹೊರಡುವ ಒಂದು ದ್ರವ್ಯವು ಮುಲ್ಲರ್ ನಾಳಗಳನ್ನು ಅಡಗಿಸುವುದೆಂದು ತೋರಿಸಿದನು. ಆ ದ್ರವ್ಯವೇ ಸ್ತ್ರೀಯ ಅಂಡಾಶಯದಲ್ಲಿ ಎಳೆಯ ಅಂಡಗಳನ್ನು ಸುತ್ತುವರಿದ ಕಣಗಳಿಂದಲೂ ಸ್ರವಿಸುವುದೆಂದು ತರುವಾಯ ತಿಳಿಯಿತು. ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯು ಅಳೆಯುವುದು ಇದನ್ನೇ. ಹೆಣ್ಣುಮಗುವು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷದಷ್ಟಿರುವ ಅಂಡಗಳು ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷಕ್ಕಿಳಿಯುತ್ತವೆ. ಉಳಿದ ಸಂಚಯವೆಷ್ಟೆಂಬುದನ್ನು ಈ ಪರೀಕ್ಷೆಯು ಸೂಚಿಸುತ್ತದೆಯೇ ಹೊರತು ಅಂಡದ ಗುಣವನ್ನಲ್ಲ.

ಈ ಭೇದವನ್ನು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯು ಚೆನ್ನಾಗಿ ವಿಶದಪಡಿಸುತ್ತದೆ. ೧೮೮೦ರಿಂದ ಜಾನ್ ಟೇಲರ್ ಸಂಸ್ಥೆಯವರು ಅಲ್ಲಿ ಕೆಲಸ ನಡೆಸಿದರು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲುದಾರಿಯಾಯಿತು. ಅದಿರು ಎಷ್ಟು ಉಳಿದಿದೆ, ಒಂದು ಟನ್ ಅದಿರಿನಲ್ಲಿ ಚಿನ್ನವೆಷ್ಟು ಎಂಬಿವು ಗಣಿಯವರಿಗೆ ಬೇರೆಬೇರೆ ಪ್ರಶ್ನೆಗಳು. ಮೊದಲಲ್ಲಿ ಟನ್ನಿಗೆ ಹತ್ತಾರು ಗ್ರಾಂ ಇದ್ದ ಚಿನ್ನವು ಕಡೆಗೆ ಕೆಲವೇ ಗ್ರಾಮಿಗಿಳಿಯಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಅದನ್ನೆತ್ತುವ ವೆಚ್ಚವು ಬೆಲೆಯನ್ನು ಮೀರಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದಾಗ ನೆಲದೊಳಗೆ ಅದಿರು ಪೂರ್ತಿಯಾಗಿ ತೀರಿರಲಿಲ್ಲ.

ಆದರೆ ಈ ದೃಷ್ಟಾಂತಕ್ಕೂ ಎಲ್ಲೆಯುಂಟು. ಕಲ್ಲಿನ ತುಣುಕನ್ನು ಪುಡಿಮಾಡಿ ಬೆಂಕಿಗಿಟ್ಟು ಪರೀಕ್ಷಿಸಬಹುದು. ಅಂಡವನ್ನು ಹಾಗೆ ಪರೀಕ್ಷಿಸಿದರೆ ಅಂಡವೇ ಉಳಿಯದು. ಅದರ ಗುಣವು ಬಹುಮಟ್ಟಿಗೆ ವರ್ಣತಂತುಗಳ ಸಂಖ್ಯೆ ಸರಿಯಾಗಿರುವುದನ್ನು ಅವಲಂಬಿಸಿದೆ. ವಯಸ್ಸು ಏರಿದಂತೆ ಅದು ತಪ್ಪುವುದು ಹೆಚ್ಚು. ಆದಕಾರಣ ಗುಣದ ವಿಷಯದಲ್ಲಿ ರಕ್ತದ ಅಂಕಿಗಿಂತ ವಯಸ್ಸೇ ಬಲವಾದ ಸೂಚಕ. ಬಂಜೆತನದ ಇತಿಹಾಸವಿಲ್ಲದ, ಮೂವತ್ತರಿಂದ ನಲವತ್ತನಾಲ್ಕು ವಯಸ್ಸಿನ ೭೫೦ ಸ್ತ್ರೀಯರನ್ನು ಕುರಿತು ಅಮೆರಿಕದಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಎ.ಎಂ.ಎಚ್. ಕಡಿಮೆಯಿದ್ದವರಿಗೆ ಸಹಜವಾಗಿ ಗರ್ಭ ನಿಲ್ಲುವ ಸಂಭವವು ಉಳಿದವರಿಗಿಂತ ಕಡಿಮೆಯೆಂದು ಕಂಡುಬರಲಿಲ್ಲ. ಚಿಕಿತ್ಸೆಯಲ್ಲಿ ಎಷ್ಟು ಅಂಡಗಳು ದೊರೆತಾವೆಂದು ಮುಂದಾಗಿ ಅಂದಾಜಿಸುವುದಕ್ಕೆ ಮಾತ್ರ ಆ ಅಂಕಿಯು ಉಪಯುಕ್ತ.

ಹಿಂದೆ 'ಬಂಜೆ' ಎಂಬ ಒಂದು ಮಾತು ಹೆಣ್ಣಿನ ಬಾಳನ್ನೇ ನಿರ್ಣಯಿಸುತ್ತಿತ್ತು. ನಾಲ್ಕು ಅಂಗಗಳನ್ನು ಹೇಳಿದ ಶಾಸ್ತ್ರವಾದರೋ ಒಂದರ ಮೇಲೆಯೇ ಹೊಣೆಯನ್ನು ಹೊರಿಸಲಿಲ್ಲ. ಸಂಚಯದ ಅಂಕಿಯನ್ನು ಗುಣದ ತೀರ್ಪೆಂದು ಓದುವವರು ಆ ಹಳೆಯ ಮಾತನ್ನೇ ಹೊಸ ಲಿಪಿಯಲ್ಲಿ ಬರೆದಂತಾಗುತ್ತದೆ.