ಕಸ ಯಾರದು, ರಸ ಯಾರದು?

ಬೆಂಗಳೂರಿನ ಗೋಡೆಗಳ ಮೇಲೆ, ಶಾಲೆಯ ಪ್ರಬಂಧ ಸ್ಪರ್ಧೆಗಳಲ್ಲಿ, ಮಂತ್ರಿಗಳ ಭಾಷಣಗಳಲ್ಲಿ 'ಕಸದಿಂದ ರಸ' ಎಂಬ ಮಾತು ಸವೆದುಹೋಗುವಷ್ಟು ಬಳಕೆಯಾಗಿದೆ. ಕೇಳಲಿಕ್ಕೆ ಸೊಗಸಾದ ಮಾತು. ಆದರೆ ಸಾಹಿತ್ಯ ಓದಿಕೊಂಡವರಿಗೆ 'ರಸ' ಅಂದಕೂಡಲೆ ಇನ್ನೊಂದು ಪರಂಪರೆ ನೆನಪಾಗುತ್ತದೆ. ರಸವೆಂದರೇನು ಎಂದು ವಿವರಿಸಲು ಭರತ ಬಳಸಿದ ಹೋಲಿಕೆಯೇ ಊಟದ್ದು. ಸವಿಯುವವನು ಸಹೃದಯ, ಅಂದರೆ ಎಲೆಯ ಮುಂದೆ ಕೂತವನು. ಅವನು ಉಂಡು ಎದ್ದ ಮೇಲೆ ಎಂಜಲೆಲೆ ಎತ್ತುವವರು ಯಾರು ಅಂತ ನಮ್ಮ ಕಾವ್ಯಮೀಮಾಂಸೆ ಕೇಳಿಕೊಂಡದ್ದಿಲ್ಲ. ಆ ಪ್ರಶ್ನೆಯನ್ನು ಕೇಳಿದಲ್ಲಿಂದ ದಲಿತ ವಿಮರ್ಶೆ ಶುರುವಾಗುತ್ತದೆ. ಕಸದ ಚರಿತ್ರೆಯೂ ಅಲ್ಲಿಂದಲೇ ಶುರುವಾಗಬೇಕು.

'ಮರುಬಳಕೆ' ಎಂಬುದು ಪರಿಸರವಾದಿಗಳು ನಿನ್ನೆ ಮೊನ್ನೆ ಕಂಡುಹಿಡಿದ ವಿದ್ಯೆ ಎಂಬಂತೆ ಈಗ ಮಾತಾಡುತ್ತಾರೆ. ನಮ್ಮ ಕೇರಿಗಳಿಗೆ ಅದು ಹೊಸದಲ್ಲ. ಊರಲ್ಲಿ ದನ ಸತ್ತರೆ ಊರಿಗೆ ಅದು ಮೈಲಿಗೆ, ಕಸ. ಮಾದಿಗರು ಅದನ್ನು ಹೊತ್ತು ತಂದು, ಸುಲಿದು, ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆಯ ನೀರಲ್ಲಿ ಹದಮಾಡುತ್ತಿದ್ದರು. ಅದರಿಂದ ಮೆಟ್ಟು ಬಂತು, ಮಿಣಿ ಬಂತು, ಬಾರುಕೋಲು ಬಂತು, ತಮಟೆ ಬಂತು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಚೀಲವೂ ಬಂತು. ಆ ಚೀಲ ಎತ್ತಿದ ನೀರು ಗೌಡರ ಹೊಲಕ್ಕೆ ಹರಿಯುವಾಗ ಮೈಲಿಗೆಯಾಗಲಿಲ್ಲ. ಅದನ್ನು ಹೊಲಿದ ಕೈ ಬಾವಿಯ ಹಗ್ಗ ಮುಟ್ಟಿದರೆ ಮಾತ್ರ ಮೈಲಿಗೆ. ಹದಮಾಡಿದವನಿಗೆ ಸಿಕ್ಕಿದ್ದು ಸುಗ್ಗಿಯಲ್ಲಿ ಒಂದಿಷ್ಟು ಆಯ. ಅವನ ಕೆಲಸವನ್ನು ಕುಶಲ ವಿದ್ಯೆ ಅಂತ ಯಾರೂ ಕರೆಯಲಿಲ್ಲ, ಜಾತಿಯ ಕರ್ಮ ಅಂದರು. 1927ರ ಮಾರ್ಚಿಯಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟಾಗ ಅವರು ಎದುರಿಸಿದ್ದು ಈ ಲೆಕ್ಕಾಚಾರವನ್ನೇ. ಊರಿನ ಕಸವನ್ನು ಒಂದು ಜಾತಿಯ ಹೆಗಲಿಗೆ ಹಾಕಿ, ಅದರ ಫಲವನ್ನು ಊರೆಲ್ಲ ಉಣ್ಣುವ ವ್ಯವಸ್ಥೆ ಅದು.

ಹಳ್ಳಿಯ ಈ ಏರ್ಪಾಡು ಪಟ್ಟಣಕ್ಕೆ ಬಂದಾಗ ಅದಕ್ಕೆ ಆಧುನಿಕ ವೇಷ ಸಿಕ್ಕಿತು. 1862ರಲ್ಲಿ ಬೆಂಗಳೂರಿನ ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿಗಳಾದವು. 1898ರಲ್ಲಿ ಪ್ಲೇಗು ಬಂತು, ಪೇಟೆ ಬೆದರಿತು. ಅದರ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ, ಬೆಳಕು, ಅಗಲವಾದ ರಸ್ತೆ, ಮರಗಳು ಎಂದು ಈ ಬಡಾವಣೆಗಳನ್ನು ಹೊಗಳದ ನಗರ ಚರಿತ್ರೆಕಾರರಿಲ್ಲ. ಆದರೆ ಮನೆಗಳ ಮುಂದಿನ ರಸ್ತೆಯನ್ನು ನೋಡಿದವರು ಹಿಂದಿನ ಸಂದಿಯನ್ನು ನೋಡಲಿಲ್ಲ. ಮುನಿಸಿಪಾಲಿಟಿ ಭಾಷೆಯಲ್ಲಿ ಅದು 'ಕನ್ಸರ್ವೆನ್ಸಿ ಲೇನು'. ಒಳಚರಂಡಿ ಬರುವ ತನಕ ಕಕ್ಕಸಿನ ಮಲ ಎತ್ತುವವರು ಓಡಾಡಲಿಕ್ಕೆಂದೇ ಬಿಟ್ಟ ದಾರಿ ಅದು. ಮುಂಬಾಗಿಲಿನವರ ಕಣ್ಣಿಗೆ ಅವರು ಬೀಳಬಾರದು. ಹಳ್ಳಿಯಲ್ಲಿ ಕೇರಿಯನ್ನು ಊರಾಚೆ ಇಟ್ಟಿದ್ದರು. ಪಟ್ಟಣದಲ್ಲಿ ಪ್ರತಿ ಮನೆಯ ಬೆನ್ನಿಗೂ ಒಂದೊಂದು ಊರಾಚೆಯನ್ನು ನಕ್ಷೆ ಹಾಕಿ ಕಟ್ಟಿದರು. ಇವತ್ತು 'ಮೂಲದಲ್ಲೇ ವಿಂಗಡಿಸಿ' ಅಂತ ಹೇಳುತ್ತಾರಲ್ಲ, ಈ ನಗರ ಕಸವನ್ನು ವಿಂಗಡಿಸುವ ಎಷ್ಟೋ ಮೊದಲೇ ಮನುಷ್ಯರನ್ನು ಮೂಲದಲ್ಲೇ ವಿಂಗಡಿಸಿಟ್ಟಿತ್ತು.

ಈ ಸಂದಿಗೆ ಮೊದಲ ದೊಡ್ಡ ಪೆಟ್ಟು ಕೊಟ್ಟವರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿ, 1970ರ ದಶಕದ ಆರಂಭದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಅವರು ಆದೇಶ ಮಾಡಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದವರೂ ಇವರೇ. ಬೀದಿಗಳಲ್ಲಿ ಗಲಾಟೆಯಾಯಿತು, ದಲಿತ ಹುಡುಗರ ಮೇಲೆ ಹಲ್ಲೆಗಳಾದವು, ಮಂತ್ರಿಗಿರಿ ಹೋಯಿತು. ದಲಿತ ಚಳವಳಿ ಹುಟ್ಟಿದ್ದೇ ಆ ಬೂಸಾ ಗಲಾಟೆಯಿಂದ ಎಂದು ನಾವೆಲ್ಲ ಬರೆಯುತ್ತಾ ಬಂದಿದ್ದೇವೆ. ತಪ್ಪೇನಲ್ಲ. ಆದರೆ ನಮ್ಮ ಸಾಹಿತ್ಯ ಚರಿತ್ರೆ ಬೂಸಾ ಮಾತನ್ನು ಇಟ್ಟುಕೊಂಡು ಮಲದ ಆದೇಶವನ್ನು ಆಡಳಿತದ ಕಡತಕ್ಕೆ ಎಸೆಯಿತು. ಒಂದು ಸಾಹಿತ್ಯ, ಇನ್ನೊಂದು ನೈರ್ಮಲ್ಯ ಅಂತ ಬೇರೆ ಮಾಡಿತು. ನನಗೆ ಇವೆರಡೂ ಒಂದೇ ಕೆಲಸವಾಗಿ ಕಾಣುತ್ತವೆ. ಯಾವುದು ಕಾಳು, ಯಾವುದು ಹೊಟ್ಟು ಅಂತ ಹೇಳುವ ಅಧಿಕಾರ ಯಾರಿಗೆ? ಆ ಅಧಿಕಾರ ಒಬ್ಬ ದಲಿತನ ಬಾಯಿಗೆ ಬಂದದ್ದನ್ನು ಸಹಿಸಲಾಗಲಿಲ್ಲ. ಹೊಟ್ಟು ಅನ್ನಿಸಿಕೊಂಡವರೇ ಹೊಟ್ಟು ಯಾವುದೆಂದು ಹೇಳಿದ್ದು ಆವತ್ತಿನ ಅಪರಾಧ.

ಆ ದಶಕದಲ್ಲೇ ಇನ್ನೆರಡು ಸಂಗತಿಗಳಾದವು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಪಟ್ಟಣದ ಕಸ ಗೊಬ್ಬರವಾಗಿ ಹೊಲಕ್ಕೆ ಹೋಗಬೇಕು ಎಂಬ ವಿವೇಕ ಸರ್ಕಾರಕ್ಕೆ ಆಗಲೇ ಇತ್ತು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ವರದಿ ಬಂತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂಬ ಲೆಕ್ಕ ಇವತ್ತಿಗೂ ಚರ್ಚೆಗೆ ಬರುವುದು ಆ ವರದಿಯ ಹೆಸರಲ್ಲೇ. ತೋಟಿ, ಜಾಡಮಾಲಿ ಎಂಬ ಹೆಸರುಗಳು ಹಿಂದೆ ಸರಿದು 'ಪೌರಕಾರ್ಮಿಕ' ಎಂಬ ಗೌರವದ ಹೆಸರು ಬಂತು. ಹೆಸರು ಬಂದಷ್ಟು ಸುಲಭವಾಗಿ ಕೆಲಸದ ಭದ್ರತೆ ಬರಲಿಲ್ಲ. 1990ರ ದಶಕದಿಂದ ಗುತ್ತಿಗೆ ಪದ್ಧತಿ ಹಬ್ಬಿತು. ಬೀದಿ ಅದೇ, ಪೊರಕೆ ಅದೇ, ಗುಡಿಸುವ ಹೆಂಗಸೂ ಅವಳೇ. ಆದರೆ ಅವಳು ಈಗ ಕಾರ್ಪೊರೇಷನ್ನಿನವಳಲ್ಲ, ಕಂಟ್ರಾಕ್ಟರಿನವಳು.

ನಮ್ಮ ದೊಡ್ಡವ್ವ ಆ ಕಾಲದಲ್ಲಿ ಒಂದು ದೊಡ್ಡ ಹೋಟೆಲಿನ ಹಿಂದಿನ ತೊಟ್ಟಿ ಬಾಚುತ್ತಿದ್ದಳು. ಎಲೆ, ಅನ್ನ, ಒಡೆದ ಗಾಜು, ಸಾಂಬಾರು ಕುಡಿದ ರಟ್ಟು, ಎಲ್ಲ ಒಂದೇ ರಾಶಿ. ಒಣಗಿದ ರಟ್ಟಾದರೆ ಗುಜರಿಯವನು ಕಾಸು ಕೊಡುತ್ತಿದ್ದ, ಸಾಂಬಾರು ಮೆತ್ತಿದರೆ ಮೂಸಿಯೂ ನೋಡುತ್ತಿರಲಿಲ್ಲ. "ಎಲೆ ಬೇರೆ ರಟ್ಟು ಬೇರೆ ಮಾಡಿ ಹಾಕಿದ್ರೆ ಅವರ ಗಂಟೇನು ಹೋಗ್ತಿತ್ತು ಮಗ?" ಅಂತಿದ್ದಳು. ಇವತ್ತು ಸಲಹೆಗಾರರು ದುಡ್ಡು ಇಸ್ಕೊಂಡು ಹೋಟೆಲು ಮಾಲೀಕರಿಗೆ ಹೇಳಿಕೊಡುವುದು ಇದಕ್ಕಿಂತ ಹೆಚ್ಚೇನಿಲ್ಲ. ಹಸಿ ಬೇರೆ ಇಟ್ಟರೆ ಅದು ಗೊಬ್ಬರ, ಇಲ್ಲವೇ ಬಯೋಗ್ಯಾಸು. ಒಣ ಬೇರೆ ಇಟ್ಟರೆ ರಟ್ಟು, ಬಾಟಲಿ, ತಗಡು, ಪ್ಲಾಸ್ಟಿಕ್ಕಿಗೆ ಒಂದೊಂದು ರೇಟು. ಕೂಡಿಸಿಬಿಟ್ಟರೆ ಎರಡೂ ಕೆಟ್ಟು, ರೋಗ ಮಾತ್ರ ಉಳಿಯುತ್ತದೆ. ದೊಡ್ಡವ್ವನ ಕೈಗೆ ಗೊತ್ತಿದ್ದ ಶಾಸ್ತ್ರ ಇದು. ಅವಳನ್ನು ಯಾರೂ ಕೇಳಲಿಲ್ಲ ಅಷ್ಟೆ.

ಕಸದ ಬಗ್ಗೆ ಕಾನೂನುಗಳು ಬಂದದ್ದು ಆಮೇಲೆ. ಸುಪ್ರೀಂ ಕೋರ್ಟಿನಲ್ಲಿ 1996ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ 2000ದಲ್ಲಿ ಘನತ್ಯಾಜ್ಯ ನಿಯಮಗಳಾದವು. ಆದರೂ ಬೆಂಗಳೂರು ತನ್ನ ಕಸವನ್ನು ಲಾರಿಗೆ ತುಂಬಿ ಮಾವಳ್ಳಿಪುರಕ್ಕೆ, ಮಂಡೂರಿಗೆ ಸುರಿಯುತ್ತಲೇ ಇತ್ತು. ಸಂದಿ ಹೋಗಿ ಹಳ್ಳಿಯೇ ನಗರದ ಹಿತ್ತಲಾಯಿತು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ನಗರದ ಬೀದಿಬೀದಿಯಲ್ಲಿ ರಾಶಿ ಬಿತ್ತು. ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತು, 2014ರ ಕೊನೆಗೆ ಅಲ್ಲಿಗೂ ಸುರಿಯುವುದು ನಿಂತಿತು. ಮೂಗಿಗೆ ವಾಸನೆ ಬಡಿದಾಗಲೇ ನಗರಕ್ಕೆ ಜ್ಞಾನೋದಯ. ಆಗಿನ ಬಿಬಿಎಂಪಿ 2012ರಲ್ಲಿ ವಿಂಗಡಣೆಯನ್ನು ಕಡ್ಡಾಯ ಮಾಡಿ, ಹೋಟೆಲು, ಕಲ್ಯಾಣ ಮಂಟಪ, ದೊಡ್ಡ ಕಚೇರಿಗಳಿಗೆ 'ಬಲ್ಕ್ ಜನರೇಟರ್' ಎಂದು ಹೆಸರಿಟ್ಟು, ನಿಮ್ಮ ಕಸ ನೀವೇ ನೋಡಿಕೊಳ್ಳಿ ಅಂದಿತು. ಹೈಕೋರ್ಟಿನ ಆದೇಶದಂತೆ 2015ರಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು. 2016ರ ಕೇಂದ್ರ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ದೊಡ್ಡ ಉತ್ಪಾದಕರೆಂದು ಗುರುತಿಸಿದವು. ಚಿಂದಿ ಆಯುವವರನ್ನು ನಗರದ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದೂ ಅವು ಹೇಳಿದವು. ಅದಕ್ಕೂ ಮುಂಚೆ, 2011ರಿಂದಲೇ, ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತ್ತು. ಅವರಲ್ಲಿ ಕೆಲವರು ವಾರ್ಡಿನ ಒಣಕಸ ಕೇಂದ್ರಗಳನ್ನು ನಡೆಸಿದರು. ಕಳ್ಳರೆಂದು ಪೊಲೀಸರಿಂದ ಒದೆ ತಿನ್ನುತ್ತಿದ್ದವರ ಕೈಗೆ ಒಂದು ಕಾರ್ಡು ಬಂದದ್ದನ್ನು ಸಣ್ಣ ಸಂಗತಿ ಎನ್ನಲಾಗದು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಸ ಮೈಲಿಗೆಯಾಗಿದ್ದಷ್ಟು ಕಾಲ ಅದು ನಮ್ಮದು. ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಬಂದಕೂಡಲೆ ಅದು 'ಉದ್ಯಮ'. ಟೆಕ್ ಪಾರ್ಕಿನ ಕಸ ಸಾಗಿಸುವ ಕಂಪನಿಗೆ ಮಾಲೀಕನಾಗಲು ಯಾವ ಜಾತಿಗೂ ಈಗ ನಾಚಿಕೆಯಿಲ್ಲ. ಒಳ್ಳೆಯದೇ. ಆದರೆ ವಿಂಗಡಿಸುವ ಮೇಜಿನ ಮುಂದೆ ನಿಂತವರ ಹೆಸರು, ಕೇರಿ ವಿಚಾರಿಸಿ ನೋಡಿ. ಕಾಗದ, ಪ್ಲಾಸ್ಟಿಕ್ಕು ಜಾಲಿ ಮೊಹಲ್ಲಾ, ನಾಯಂಡಹಳ್ಳಿಯ ಗುಜರಿ ದಾರಿ ಹಿಡಿದರೆ ಅಲ್ಲಿ ಬಡ ಮುಸ್ಲಿಮರ ದುಡಿಮೆ. ಚಿಪ್ಸ್ ಪೊಟ್ಟಣದಂಥ ಪದರದ ಪ್ಲಾಸ್ಟಿಕ್ಕನ್ನು ಗುಜರಿಯವನೂ ಕೊಳ್ಳುವುದಿಲ್ಲ. ಅದನ್ನು ಆಯುವ ಕೂಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಂಸ್ಥೆಗಳ ವಾರ್ಷಿಕ ವರದಿಗಳು ಎಷ್ಟು ಟನ್ ಮರುಬಳಕೆಯಾಯಿತು ಅಂತ ಹೇಳುತ್ತವೆ. ಎಷ್ಟು ಕೈಗಳಿಗೆ ಗ್ಲೌಸು ಇತ್ತು, ಎಷ್ಟು ಜನಕ್ಕೆ ಪಿ.ಎಫ್. ಕಟ್ಟಿದರು ಅಂತ ಹೇಳುವುದಿಲ್ಲ. ಕೆಲಸ ಮಾಡುವುದರಿಂದಲ್ಲ, ಹುಟ್ಟಿನಿಂದಲೇ ಇಲ್ಲಿ ಮನುಷ್ಯ ಭಂಗಿಯಾಗುತ್ತಾನೆ ಎಂದು ಅಂಬೇಡ್ಕರರು ಹೇಳಿದ್ದು ಈ ಲೆಕ್ಕಪತ್ರಗಳ ಕಾಲಕ್ಕೂ ಹಳತಾಗಿಲ್ಲ.

2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಮನೆ ಬಿಡಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡರು. ಮಲ ಹೊರುವುದನ್ನು ನಿಷೇಧಿಸಿದ ಕೇಂದ್ರ ಕಾಯ್ದೆ ಬಂದು ಆಗ 17 ವರ್ಷವಾಗಿತ್ತು. 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಗುಂಡಿಗಿಳಿದು ಸತ್ತವರಿಗೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಪರಿಹಾರವೆಂದದ್ದು 2023ರಲ್ಲಿ 30 ಲಕ್ಷವಾಯಿತು. ಸಾವಿನ ದರ ಏರಿತು, ಸಾವು ನಿಲ್ಲಲಿಲ್ಲ. ಹಾಗಂತ ಏನೂ ಬದಲಾಗಿಲ್ಲ ಅಂದರೆ ಹೋರಾಡಿದವರಿಗೆ ಮಾಡುವ ಅವಮಾನ. 2022ರ ಜುಲೈ ಮುಷ್ಕರದಲ್ಲಿ ಪೌರಕಾರ್ಮಿಕ ಹೆಂಗಸರು ಪೊರಕೆ ಕೆಳಗಿಟ್ಟರು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಕಾಯಂ ನೌಕರಿಯ ಪತ್ರ ಬಂತು. ಸಾಲಪ್ಪ ವರದಿಯಿಂದ ಅಲ್ಲಿಗೆ ಸುಮಾರು ಅರ್ಧ ಶತಮಾನ. ಹೋಟೆಲು, ಕಂಪನಿಗಳ ಕಸ ಎತ್ತುವ ಖಾಸಗಿ ಕೂಲಿಗಳು ಆ ಪಟ್ಟಿಯಲ್ಲಿ ಇರಲಿಲ್ಲ.

ವಿಂಗಡಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ತನ್ನ ಎಂಜಲನ್ನು ತಾನೇ ಮುಟ್ಟಿ ಬೇರೆ ಮಾಡಬೇಕು ಎಂಬ ಕಾನೂನು, ಅದನ್ನು ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ಜಾತಿಯ ಬುಡಕ್ಕೇ ಕೈ ಹಾಕಿದೆ. ಗಲ್ಲಾದ ಮೇಲೆ ಕೂತ ಮಾಲೀಕ ಒಂದು ದಿನ ತನ್ನ ಹಸಿ ಬುಟ್ಟಿಗೆ ತಾನೇ ಕೈ ಹಾಕಲಿ. ಆಯುವವರಿಗೆ ಕಿಲೋಗೆ ನ್ಯಾಯವಾದ ದರವೂ ಕೈಗೆ ರಕ್ಷಣೆಯೂ ಕರಾರಿನಲ್ಲಿ ಬರೆದಿರಲಿ. ಆಮೇಲೆ 'ಕಸದಿಂದ ರಸ' ಎಂದು ಬೋರ್ಡು ಹಾಕಿಕೊಳ್ಳಲಿ. ಅಲ್ಲಿಯತನಕ ಆ ಬೋರ್ಡೂ, ಬಸವಲಿಂಗಪ್ಪನವರು ಹೇಳಿದ ಹಾಗೆ, ಬೂಸಾವೇ.