ಕೀಲೆಣ್ಣೆಯಿಂದ ಎಂಜಿನ್ ಆಯಿಲ್‌ವರೆಗೆ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯ ಕಡೆ ಬೇಸಿಗೆಯಲ್ಲಿ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಒಂದು ಮಾತು ಕಿವಿಗೆ ಬೀಳುತ್ತದೆ: 'ನಮ್ಮ ಬಿಸಲಿಗೆ ತೆಳ್ಳನ ಎಣ್ಣಿ ತಡೀತೈತೇನ್ರಿ? ಗಟ್ಟಿದು ಹಾಕಸ್ರಿ.' ಕಾರು ಹೊಸದಿರಲಿ, ಹಳೆಯದಿರಲಿ, ಸಲಹೆ ಒಂದೇ. ತನ್ನ ಕಾರಿನ ಸರ್ವಿಸನ್ನು ತಾನೇ ಮಾಡಿಕೊಳ್ಳಲು ಹೊರಟವನಿಗೆ ಮೊದಲು ಎದುರಾಗುವ ತೊಡಕೂ ಇದೇ. ಅಂಗಡಿಯ ಕಪಾಟಿನಲ್ಲಿ 20ಡಬ್ಲ್ಯು-50, 15ಡಬ್ಲ್ಯು-40, 5ಡಬ್ಲ್ಯು-30, 0ಡಬ್ಲ್ಯು-20 ಎಂದು ಬರೆದ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಯಾವುದನ್ನು ಕೊಳ್ಳುವುದು?

ಗ್ಯಾರೇಜಿನ ಮಾತು ಸುಳ್ಳಲ್ಲ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಆ ಕಾಲ ಯಾವುದು, ಅದು ಯಾವಾಗ ಮುಗಿಯಿತು ಎಂಬುದು ಗೊತ್ತಾದರೆ ಡಬ್ಬಿ ಆರಿಸುವುದು ಕಷ್ಟವೇನಲ್ಲ. ಅದಕ್ಕಾಗಿ ಕಾರಿನಿಂದ ಇಳಿದು ಬಂಡಿ ಹತ್ತಬೇಕಾಗುತ್ತದೆ.

ಔಡಲದ ಕಾಲ

ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಬಂಡಿ ಕಟ್ಟುವ ರೈತ ಎತ್ತುಗಳ ಮೈ ತೊಳೆದಷ್ಟೇ ಶ್ರದ್ಧೆಯಿಂದ ಗಾಲಿಗಳಿಗೆ ಕೀಲೆಣ್ಣೆ ಹಾಕುತ್ತಿದ್ದ. ಕಡಾಣಿ ತೆಗೆದು, ಗಾಲಿಯನ್ನು ಅಷ್ಟು ಹೊರಕ್ಕೆ ಜರುಗಿಸಿ, ಅಚ್ಚಿಗೆ ಎಣ್ಣೆ ಬಳಿದು ಮತ್ತೆ ಸೇರಿಸುವ ಕೆಲಸ ಅದು. ಎಣ್ಣೆ ಔಡಲದ್ದು, ಹಳೆ ಮೈಸೂರಿನವರು ಹರಳೆಣ್ಣೆ ಎನ್ನುವುದು ಇದನ್ನೇ. ಬರಿಯ ಎಣ್ಣೆ ಹರಿದುಹೋಗುತ್ತದೆಂದು ಅದಕ್ಕೆ ಹುಲ್ಲು ಸುಟ್ಟ ಕರಿಯನ್ನು ಬೆರೆಸಿ ಮಂದವಾಗಿಸುತ್ತಿದ್ದರು. ದಾರಿಯಲ್ಲಿ ಬೇಕಾದೀತೆಂದು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಬಿಡುವುದೂ ಉಂಟು.

ಔಡಲವನ್ನೇ ಏಕೆ ಆರಿಸಿಕೊಂಡರು? ಅದು ಜಿಗುಟು. ಕಬ್ಬಿಣವನ್ನು ಹಿಡಿದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಬಂಡಿಯ ಗಾಲಿ ನಿಧಾನವಾಗಿ ಉರುಳುತ್ತದೆ, ಆದರೆ ಹತ್ತಾರು ಮೂಟೆಗಳ ಭಾರ ಹೊತ್ತಿರುತ್ತದೆ. ನಿಧಾನದ ವೇಗ, ಹೆಚ್ಚಿನ ಭಾರ, ಸಡಿಲವಾದ ಜೋಡಣೆ, ಈ ಮೂರೂ ಇದ್ದಲ್ಲಿ ಮಂದವಾದ ಎಣ್ಣೆಯೇ ಸರಿ. ಅದೇ ರೈತನ ಮನೆಯ ಹೊಲಿಗೆ ಯಂತ್ರಕ್ಕೆ ಯಾರೂ ಕೀಲೆಣ್ಣೆ ಹಾಕುತ್ತಿರಲಿಲ್ಲ. ಅದಕ್ಕೆ ನೀರಿನಂಥ ತೆಳುವಾದ ಎಣ್ಣೆಯ ಎರಡೇ ಹನಿ. ಎಣ್ಣೆಯನ್ನು ಯಂತ್ರ ಆರಿಸುತ್ತದೆಯೇ ಹೊರತು ಊರಿನ ಬಿಸಿಲಲ್ಲ ಎಂಬ ತಿಳಿವಳಿಕೆ ಎಂಜಿನ್ ಬರುವ ಮೊದಲೇ ನಮ್ಮಲ್ಲಿತ್ತು.

ಆಕಾಶಕ್ಕೆ ಏರಿದ ಎಣ್ಣೆ

ಉಗಿ ಯಂತ್ರಗಳ ಆರಂಭದ ದಿನಗಳಲ್ಲಿ ಪಶ್ಚಿಮದಲ್ಲೂ ಪ್ರಾಣಿಗಳ ಕೊಬ್ಬು ಮತ್ತು ಬೀಜದ ಎಣ್ಣೆಗಳೇ ಬಳಕೆಯಲ್ಲಿದ್ದವು. ಹಬೆಯ ಕಾವಿಗೆ ಕೊಬ್ಬು ಆಮ್ಲವಾಗಿ ಲೋಹವನ್ನೇ ತಿನ್ನುತ್ತಿತ್ತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಕಲ್ಲೆಣ್ಣೆ ಸಿಕ್ಕಿತು. ಆಗ ಎಲ್ಲರಿಗೂ ಬೇಕಿದ್ದುದು ದೀಪದ ಸೀಮೆಎಣ್ಣೆ. ಅದನ್ನು ಬಟ್ಟಿ ಇಳಿಸಿದ ಮೇಲೆ ಉಳಿಯುತ್ತಿದ್ದ ಮಂದವಾದ ಭಾಗ ಯಂತ್ರಗಳಿಗೆ ಒಳ್ಳೆಯ ಎಣ್ಣೆಯಾದೀತು ಎಂಬುದು ಬರಬರುತ್ತಾ ತಿಳಿಯಿತು. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯ್ ತೈಲ ಶುದ್ಧೀಕರಣ ಕೇಂದ್ರ ಆರಂಭವಾದದ್ದು 1901ರಲ್ಲಿ.

ಆದರೂ ಔಡಲದ ಕಾಲ ಮುಗಿದಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಸ್ಥಾಪಿಸಿದ ಕಂಪೆನಿಯು ಮೋಟಾರು ಮತ್ತು ವಿಮಾನಗಳಿಗೆಂದು ಹೊಸ ಎಣ್ಣೆಯೊಂದನ್ನು 1909ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಔಡಲದ ಎಣ್ಣೆಯನ್ನು ಬೆರೆಸಿದ್ದರಿಂದ ಇಟ್ಟ ಹೆಸರು ಕ್ಯಾಸ್ಟ್ರಾಲ್. ಕ್ಯಾಸ್ಟರ್ ಎಂದರೆ ಔಡಲ! ಇಂದಿಗೂ ಗ್ಯಾರೇಜುಗಳ ಫಲಕದ ಮೇಲೆ ಕಾಣುವ ಆ ಹೆಸರಿನಲ್ಲಿ ನಮ್ಮ ಬದುಗಳ ಗಿಡವೊಂದು ಅಡಗಿದೆ ಎಂಬುದು ಸ್ವಾರಸ್ಯದ ಸಂಗತಿ.

ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್‌ಗಳು ತಾವೇ ಗಿರಗಿರನೆ ಸುತ್ತುವ ಬಗೆಯವು. ಅವುಗಳಲ್ಲಿ ಪೆಟ್ರೋಲ್ ಮತ್ತು ಎಣ್ಣೆ ಒಂದೇ ದಾರಿಯಲ್ಲಿ ಸಾಗಬೇಕಿತ್ತು. ಕಲ್ಲೆಣ್ಣೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತದೆ. ಔಡಲದ ಎಣ್ಣೆ ಹಾಗೆ ಸುಲಭಕ್ಕೆ ಕರಗದು. ಹೀಗಾಗಿ ಅದಕ್ಕೆ ಭಾರಿ ಬೇಡಿಕೆ ಬಂತು. ಅಮೆರಿಕ ಸರ್ಕಾರ ಭಾರತದಿಂದ ಬೀಜ ತರಿಸಿ ತನ್ನ ದಕ್ಷಿಣದ ರಾಜ್ಯಗಳಲ್ಲಿ ಬಿತ್ತಿಸಿತು. ಎಂಜಿನ್ ಹೊರಚೆಲ್ಲುತ್ತಿದ್ದ ಎಣ್ಣೆಯ ಹೊಗೆ ಕುಡಿದು ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತೆಂಬ ಕಥೆಯೂ ಪ್ರಚಲಿತದಲ್ಲಿದೆ. ಭೇದಿಗೆ ಹರಳೆಣ್ಣೆ ಕೊಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಔಡಲಕ್ಕೆ ಒಂದು ದೋಷವಿತ್ತು. ಹೆಚ್ಚು ಕಾಯಿಸಿದರೆ ಅದು ಅಂಟಾಗಿ ಎಂಜಿನ್ನಿನೊಳಗೆ ಕೂರುತ್ತದೆ. ಸಾವಿರಾರು ಮೈಲಿ ಓಡಬೇಕಾದ ಕಾರಿಗೆ ಅದು ಒಗ್ಗಲಿಲ್ಲ. ಕಲ್ಲೆಣ್ಣೆಯೇ ಗೆದ್ದಿತು.

ಡಬ್ಬಿಯ ಮೇಲಿನ ಲೆಕ್ಕ

ಕಾರುಗಳು ಹೆಚ್ಚಿದಂತೆ ಒಬ್ಬೊಬ್ಬ ವ್ಯಾಪಾರಿ ಒಂದೊಂದು ಹೆಸರಿನಲ್ಲಿ ಎಣ್ಣೆ ಮಾರತೊಡಗಿದ. ಈ ಗೊಂದಲಕ್ಕೆ ತೆರೆ ಎಳೆಯಲು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಮೊದಲ ವರ್ಗೀಕರಣ ರೂಪಿಸಿತು. ಡಬ್ಬಿಯ ಅಂಕಿಗಳು ಅದರ ಸಂತಾನ. ಅವು ಹೇಳುವುದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದ ಎಂಬುದನ್ನು ಮಾತ್ರ. ಗುಣಮಟ್ಟವನ್ನಲ್ಲ. 50 ಎಂಬುದು 30ಕ್ಕಿಂತ ಉತ್ತಮ ಎಂದು ತಿಳಿಯುವುದು ಎಂಟನೇ ನಂಬರಿನ ಚಪ್ಪಲಿ ಏಳಕ್ಕಿಂತ ಉತ್ತಮ ಎಂದಂತೆ.

ಎಣ್ಣೆ ತಣ್ಣಗಿದ್ದಾಗ ಗಟ್ಟಿ, ಕಾದಾಗ ತೆಳು. ಹಿಂದೆ ಚಳಿ ದೇಶಗಳಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಣ್ಣೆ ಬದಲಿಸುತ್ತಿದ್ದರು. 1950ರ ದಶಕದಲ್ಲಿ ಎರಡೂ ಕೆಲಸ ಮಾಡುವ ಮಲ್ಟಿಗ್ರೇಡ್ ಎಣ್ಣೆ ಬಳಕೆಗೆ ಬಂತು. ಇದರಲ್ಲಿ ಬೆರೆಸಿದ ಪಾಲಿಮರ್‌ಗಳು ಕಾದಾಗ ಹಿಗ್ಗಿ, ಎಣ್ಣೆ ತೀರಾ ತೆಳುವಾಗದಂತೆ ತಡೆಯುತ್ತವೆ. 5ಡಬ್ಲ್ಯು-30 ಎಂಬಲ್ಲಿ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ತಣ್ಣಗಿನ ಎಂಜಿನ್ನಿನಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಗುರುತು. ಸಣ್ಣದಿದ್ದಷ್ಟೂ ಬೇಗ ಹರಿಯುತ್ತದೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ಮಂದತೆಯ ಗುರುತು.

ಗುಣಮಟ್ಟ ಹೇಳುವುದು ಬೇರೆ ಅಕ್ಷರಗಳು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 1947ರಿಂದ ಈ ವರ್ಗೀಕರಣ ನಡೆಸಿಕೊಂಡು ಬಂದಿದೆ. 'ಎಸ್' ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, 'ಸಿ' ಆದರೆ ಡೀಸೆಲ್‌ಗೆ. ಪೆಟ್ರೋಲ್ ಎಣ್ಣೆಗಳಲ್ಲಿ ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಮುಂದಿನ ಅಕ್ಷರದ ಎಣ್ಣೆ ಹೆಚ್ಚಿನ ಪರೀಕ್ಷೆಗಳನ್ನು ದಾಟಿ ಬಂದದ್ದು ಎಂದರ್ಥ.

ಅಂಬಾಸಿಡರ್ ಕಲಿಸಿದ ಪಾಠ

ಹಾಗಾದರೆ ಗ್ಯಾರೇಜಿನ ಆ ಮಾತು ಎಲ್ಲಿಂದ ಬಂತು? ಸ್ವಾತಂತ್ರ್ಯಾನಂತರದ ಮೂರು ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಓಡಿದ್ದು ಅಂಬಾಸಿಡರ್ ಮತ್ತು ಫಿಯೆಟ್. ಹೊಲದಲ್ಲಿ ನೀರೆತ್ತಿದ್ದು, ಹಿಟ್ಟಿನ ಗಿರಣಿ ತಿರುಗಿಸಿದ್ದು ಡೀಸೆಲ್ ಎಂಜಿನ್‌ಗಳು. ಇವೆಲ್ಲ ಹಳೆಯ ವಿನ್ಯಾಸದವು. ಬಿಡಿಭಾಗಗಳ ನಡುವೆ ಸಂದು ಹೆಚ್ಚು. ಸವೆದಂತೆಲ್ಲ ಎಣ್ಣೆ ಕುಡಿಯುತ್ತಿದ್ದವು, ಸದ್ದು ಮಾಡುತ್ತಿದ್ದವು. ಗಟ್ಟಿ ಎಣ್ಣೆ ಆ ಸಂದನ್ನು ತುಂಬಿ, ಸದ್ದು ಅಡಗಿಸಿ, ಹೊಗೆ ಕಡಿಮೆ ಮಾಡುತ್ತಿತ್ತು. ಉಸ್ತಾದರಿಂದ ಶಿಷ್ಯರಿಗೆ ದಾಟಿದ ಪಾಠ ಅನುಭವದಿಂದಲೇ ಹುಟ್ಟಿದ್ದು. ಆ ಎಂಜಿನ್‌ಗಳಿಗೆ ಅದು ಸರಿಯಾಗಿಯೇ ಇತ್ತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕನ ಕೈ ಸೇರಿದಾಗ ಕಾಲ ಬದಲಾಗತೊಡಗಿತು. ನಂತರ ಬಂದ ಎಂಜಿನ್‌ಗಳಲ್ಲಿ ಸಂದುಗಳು ಕಿರಿದಾದವು, ಎಣ್ಣೆ ಹರಿಯುವ ದಾರಿಗಳೂ ಸಣ್ಣವಾದವು. ಕವಾಟಗಳ ಸಮಯ ಹೊಂದಿಸುವ ಕೆಲಸವನ್ನೂ ಅನೇಕ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡವೇ ಮಾಡುತ್ತದೆ. ಇಂಥದ್ದಕ್ಕೆ ಕೀಲೆಣ್ಣೆಯಂಥದ್ದನ್ನು ಸುರಿದರೆ ಬೆಳಗಿನ ಹೊತ್ತು ಸ್ಟಾರ್ಟ್ ಮಾಡಿದ ಕೂಡಲೇ ಅದು ಮೇಲಿನ ಭಾಗಗಳಿಗೆ ತಲುಪುವುದಿಲ್ಲ. ಎಂಜಿನ್ ಹೆಚ್ಚು ಸವೆಯುವುದು ಆ ಮೊದಲ ಕ್ಷಣಗಳಲ್ಲೇ. ನಸುಕಿನಲ್ಲಿ ಹಡಗಲಿ ಮಲ್ಲಿಗೆ ಹೊತ್ತು ಹೊರಡುವ ಬಾಡಿಗೆ ವಾಹನದ ಮಾಲೀಕನಿಗೆ ಇದು ದಿನನಿತ್ಯದ ನಷ್ಟ. ಇಂಧನವೂ ಹೆಚ್ಚು ಬೇಕಾಗುತ್ತದೆ. ಸಾಲ ಮಾಡಿ ಕೊಂಡ ವಾಹನದ ಎಂಜಿನ್ ಅವಧಿಗೆ ಮೊದಲೇ ಬಿಚ್ಚುವಂತಾದರೆ ಸಂಸಾರದ ಲೆಕ್ಕವೇ ತಪ್ಪುತ್ತದೆ.

ಇನ್ನು ನಮ್ಮ ಬಿಸಿಲಿನ ಮಾತು. ಬಳ್ಳಾರಿ ಸೀಮೆಯ 40 ಡಿಗ್ರಿ ಬಿಸಿಲು ನಮಗೆ ಹೆಚ್ಚು, ಎಂಜಿನ್ನಿಗೆ ಅಷ್ಟೇನಲ್ಲ. ಓಡುತ್ತಿರುವ ಎಂಜಿನ್ನಿನ ಎಣ್ಣೆ ಬೆಂಗಳೂರಿನಲ್ಲೂ ಹಡಗಲಿಯಲ್ಲೂ 100 ಡಿಗ್ರಿಯ ಆಸುಪಾಸಿಗೇ ಕಾಯುತ್ತದೆ. ಏರದಂತೆ ನೋಡಿಕೊಳ್ಳಲು ರೇಡಿಯೇಟರ್ ಇದೆ. ನಮ್ಮ ಕಡೆಯ ನಿಜವಾದ ವೈರಿ ದೂಳು. ಅದಕ್ಕೆ ಮದ್ದು ಗಟ್ಟಿ ಎಣ್ಣೆಯಲ್ಲ. ಏರ್ ಫಿಲ್ಟರ್ ಸ್ವಚ್ಛವಾಗಿಡುವುದು, ಎಣ್ಣೆಯನ್ನು ಅವಧಿಗೆ ಸ್ವಲ್ಪ ಮೊದಲೇ ಬದಲಿಸುವುದು.

ಕೊಳ್ಳುವ ಮುನ್ನ

ಕಾರಿನೊಂದಿಗೆ ಬಂದ ಕೈಪಿಡಿಯನ್ನು ತೆರೆಯಿರಿ. ಅಂಕಿ, ಅಕ್ಷರ, ಎಷ್ಟು ಲೀಟರ್ ಎಂಬ ಮೂರೂ ಅದರಲ್ಲಿವೆ. ಹವೆಗೆ ತಕ್ಕಂತೆ ಎರಡು ಮೂರು ಅಂಕಿ ಕೊಟ್ಟಿದ್ದರೆ, ಅದರೊಳಗೆ ನಮ್ಮ ಕಡೆಗೆ ಮಂದವಾದದ್ದನ್ನು ಆರಿಸಿದರೆ ತಪ್ಪಿಲ್ಲ, ಅದನ್ನು ದಾಟಬಾರದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಬೇರೆಯದು ಹಾಕಿದರೆ ಆ ದುಬಾರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಾರಿನ ಎಣ್ಣೆಯನ್ನು ಬೈಕಿಗೆ ಹಾಕಬೇಡಿ. ಬೈಕಿನ ಕ್ಲಚ್ ಸಾಮಾನ್ಯವಾಗಿ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರಬಹುದು.

ಎಣ್ಣೆ ಬದಲಿಸಿದಾಗ ಫಿಲ್ಟರನ್ನೂ ಬದಲಿಸಿ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ತುಂಬಿದರೆ ಎಣ್ಣೆ ನೊರೆಯಾಗಿ ಕೆಲಸಕ್ಕೆ ಬಾರದು. ಎಣ್ಣೆ ಬೇಗ ಕಪ್ಪಾಯಿತೆಂದು ಗಾಬರಿ ಬೇಡ. ಮಸಿಯನ್ನು ಲೋಹಕ್ಕೆ ಅಂಟಲು ಬಿಡದೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಖಾಲಿ ಡಬ್ಬಿಯನ್ನು ತೂತು ಮಾಡಿಯೇ ಎಸೆಯಿರಿ. ನಕಲಿ ಎಣ್ಣೆಯವರಿಗೆ ಬೇಕಾಗಿರುವುದು ಆ ಡಬ್ಬಿಯೇ.

ಕಾರಿನಿಂದ ಇಳಿಸಿದ ಹಳೆಯ ಎಣ್ಣೆ ಈಗ ಎಷ್ಟೋ ಕಡೆ ಬಂಡಿಯ ಕೀಲಿಗೆ ಹೋಗುತ್ತಿದೆ. ಬಂಡಿಯ ಎಣ್ಣೆ ವಿಮಾನಕ್ಕೆ ಏರಿದ ಶತಮಾನದ ನಂತರದ ಉಲ್ಟಾ ಪಯಣವಿದು! ಆದರೆ ಅದರಲ್ಲಿ ಲೋಹದ ಕಣಗಳೂ ಚರ್ಮಕ್ಕೆ ಹಾನಿ ಮಾಡುವ ವಸ್ತುಗಳೂ ಇರುತ್ತವೆ. ಹಳ್ಳಕ್ಕೆ ಸುರಿದರೆ ನೀರು ಕೆಡುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು, ಅದನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡುವುದೇ ಸರಿ.

ಬಂಡಿಯ ರೈತ ತನ್ನ ಅಚ್ಚು, ತನ್ನ ಗಾಲಿ, ತಾನು ಹೇರುವ ಭಾರ ಇವುಗಳನ್ನು ನೋಡಿ ಎಣ್ಣೆಗೆ ಕರಿ ಬೆರೆಸುತ್ತಿದ್ದ. ಪಕ್ಕದವನ ಬಂಡಿಯನ್ನು ನೋಡಿಯಲ್ಲ. ಇಂದಿನ ಕಾರಿನ ಅಚ್ಚು, ಗಾಲಿಗಳ ಲೆಕ್ಕವೆಲ್ಲ ಆ ಕೈಪಿಡಿಯಲ್ಲಿದೆ. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಅದನ್ನು ಮಡಿಸಿಟ್ಟು ಅಂಗಡಿಯವನ ಮುಖ ನೋಡುವುದು ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆಯೇ ಸರಿ.